ಫುಲ್ ಟ್ಯಾಂಕ್

ಹೆಬ್ಬಾಳ ಫ್ಲೈಓವರ್ ಮೇಲೆ ರಾತ್ರಿ ಹತ್ತೂವರೆಗೆ ಕಾರು ನಿಂತು ಹೋದರೆ ಹೇಗಿರುತ್ತೆ ಅಂತ ಗೊತ್ತಿಲ್ಲದವರು ಪುಣ್ಯವಂತರು. ಹಿಂದಿನಿಂದ ಬರೋ ಲಾರಿಯ ಹೆಡ್‌ಲೈಟು ಮೊದಲು ಕನ್ನಡಿಯಲ್ಲಿ ಚುಕ್ಕಿಯ ಹಾಗೆ ಕಾಣುತ್ತೆ. ಆಮೇಲೆ ಇಡೀ ಕಾರಿನ ಒಳಗೆ ಹಗಲಾಗುತ್ತೆ. ಆಮೇಲೆ ಹಾರ್ನು. ಲಾರಿ ಪಕ್ಕದಿಂದ ದಾಟಿ ಹೋದಾಗ ನಮ್ಮ ಪುಟ್ಟ ಮಾರುತಿ 800 ಅದರ ಗಾಳಿಗೇ ಒಂದು ಸಲ ಅಲ್ಲಾಡುತ್ತೆ.

ಅಕ್ಕನನ್ನು ಏರ್‌ಪೋರ್ಟಿಗೆ ಬಿಟ್ಟು ವಾಪಸ್ ಬರ್ತಾ ಇದ್ವಿ. ಹಿಂದಿನ ಸೀಟಿನಲ್ಲಿ ಅಮ್ಮ. ಕಣ್ಣಿನ ಪೊರೆ ಆಪರೇಷನ್ ಆಗಿ ಎರಡೇ ವಾರ ಆಗಿತ್ತು, ಬೆಳಕು ಚುಚ್ಚುತ್ತೆ ಅಂತ ಸೆರಗನ್ನ ಮುಖಕ್ಕೆ ಅಡ್ಡ ಹಿಡಿದು ಕೂತಿದ್ದಳು. ನನ್ನ ಪಕ್ಕದಲ್ಲಿ ಅಪ್ಪ. ನಾನು ಕೀ ತಿರುಗಿಸ್ತಾನೇ ಇದ್ದೆ. ಸ್ಟಾರ್ಟರ್ ಚೆನ್ನಾಗೇ ಸುತ್ತುತ್ತಿತ್ತು, ಇಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ. ಎರಡು ತಿಂಗಳಲ್ಲಿ ಇದು ಮೂರನೇ ಸಲ.

ಅಪ್ಪ ಇಳಿದು, ಹಿಂದೆ ಹೋಗಿ, ಮೊಬೈಲಿನ ಬೆಳಕು ಬೀಸುತ್ತಾ ಗಾಡಿಗಳನ್ನ ಆ ಕಡೆ ಕಳಿಸ್ತಾ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಕಿಟಕಿ ಹತ್ತಿರ ಬಂದು ಒಂದು ಮಾತಂದರು: "ನನ್ನ ಕೈಲಿ ಒಂದ್ಸಲಾನೂ ನಿಂತಿಲ್ಲಪ್ಪ ಇದು."

ನನಗೆ ಉರಿದುಹೋಯಿತು. ಹಿಂದಿನ ಎರಡು ಸಲವೂ ಅವರು ಇದನ್ನೇ ಹೇಳಿದ್ದರು. ನಿನಗೆ ಓಡಿಸೋಕೆ ಬರಲ್ಲ ಅಂತ ಅದರ ಅರ್ಥ ಅಂದ್ಕೊಂಡೆ. "ಈ ಡಬ್ಬಾನ ಈ ಭಾನುವಾರವೇ ಮಾರಿಬಿಡ್ತೀನಿ. ಯಾರಾದ್ರೂ ಸತ್ತ ಮೇಲೆ ಮಾರ್ಬೇಕಾ?" ಅಂತ ಅಮ್ಮನ ಎದುರಿಗೇ ಕೂಗಾಡಿದೆ. ಅಪ್ಪ ಏನೂ ಅನ್ನಲಿಲ್ಲ. ಇಪ್ಪತ್ತೈದು ನಿಮಿಷ ಆದ ಮೇಲೆ ಕಾರು ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್ ಆಯಿತು. ಮನೆ ತನಕ ಯಾರೂ ಮಾತಾಡಲಿಲ್ಲ.

ಅದು 1997ರ ಗಾಡಿ. 796 ಸಿಸಿ, ಮೂರು ಸಿಲಿಂಡರು, ಕಾರ್ಬ್ಯುರೇಟರ್ ಕಾಲದ್ದು. ಅಪ್ಪ ಆಫೀಸಿನಲ್ಲಿ ಸಾಲ ತೆಗೆದು ಕೊಂಡಿದ್ದು. ಮನೆಗೆ ಬಂದ ದಿನ ಅಮ್ಮ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದು ನನಗೆ ನೆನಪಿದೆ. ಈಗ 2012. ಮೇ ತಿಂಗಳಿಗೆ 15 ವರ್ಷ ತುಂಬುತ್ತೆ, ಆರ್‌ಟಿಒಗೆ ತಗೊಂಡು ಹೋಗಿ ತೋರಿಸಿ ಇನ್ನೈದು ವರ್ಷಕ್ಕೆ ರಿಜಿಸ್ಟ್ರೇಷನ್ ನವೀಕರಿಸಬೇಕು. ಅಷ್ಟರೊಳಗೆ ಕಳಿಸಿಬಿಡೋದು ಸರಿ ಅಂತ ನನ್ನ ಲೆಕ್ಕ. ನಿಂತಾಗಲೆಲ್ಲ ರಿಪೇರಿ ಮಾಡಿಸದೆ ಬಿಟ್ಟಿರಲಿಲ್ಲ. ಮೊದಲ ಗ್ಯಾರೇಜಿನವನು ಪ್ಲಗ್ಗು ಮತ್ತು ಪ್ಲಗ್ ವೈರು ಬದಲಾಯಿಸಿದ. ಎರಡನೆಯವನು "ಬಿಸಿಯಾದಾಗ ಕಾಯಿಲ್ ಕೈಕೊಡುತ್ತೆ ಸಾರ್" ಅಂತ ಇಗ್ನಿಷನ್ ಕಾಯಿಲ್ ಹಾಕಿ, ಕೈ ತೊಳೆಯೋ ಮುಂಚೆ ಪೆಟ್ರೋಲ್ ಪಂಪನ್ನೂ ಹಾಕಿದ. ಒಟ್ಟು 9,000 ರೂಪಾಯಿ ಹೋಯಿತು. ಪ್ರತಿ ಸಲವೂ ಗ್ಯಾರೇಜಿನಿಂದ ಮನೆ ತನಕ ಗಾಡಿ ಬೆಣ್ಣೆಯ ಹಾಗೆ ಬಂತು.

ಕೊಳ್ಳೋನು ಭಾನುವಾರ ಬರ್ತೀನಿ ಅಂತ ಒಪ್ಪಿದ. ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಬಾಯಿ ಬಿಟ್ಟರು.

"ಮಾರು. ಬೇಡ ಅನ್ನಲ್ಲ. ಆದ್ರೆ ಏನಾಗಿದೆ ಅಂತ ತಿಳ್ಕೊಂಡು ಮಾರು. ರೋಗ ಮುಚ್ಚಿಟ್ಟು ಇನ್ನೊಬ್ಬರ ತಲೆಗೆ ಕಟ್ಟಬೇಡ. ಅವರಿಗೂ ಹೆಂಡತಿ ಮಕ್ಕಳಿರ್ತಾರೆ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಬ್ಬಾಳದ ಆ ಲಾರಿಯ ಬೆಳಕು ಇನ್ನೂ ಕಣ್ಣಲ್ಲಿತ್ತು.

ಶನಿವಾರ ಬೆಳಿಗ್ಗೆ ಅಪ್ಪನ ಹಳೇ ಮೇಸ್ತ್ರಿ ಹತ್ತಿರ ಹೋದೆವು. ಯಶವಂತಪುರದ ಒಂದು ಗಲ್ಲಿಯೊಳಗೆ ಶೀಟಿನ ಶೆಡ್ಡು. ಎರಡು ಗಾಡಿ ನಿಂತರೆ ಮೂರನೆಯದು ರಸ್ತೆಯಲ್ಲಿ. ಅವರಿಗೆ ಅರವತ್ತರ ಮೇಲೆ ವಯಸ್ಸು. ಬಾನೆಟ್ ಎತ್ತುತ್ತಾರೆ ಅಂತ ನಾನು ಲಿವರ್ ಎಳೆಯೋಕೆ ಹೋದರೆ, "ಇರಲಿ ಬಿಡಿ, ಮೊದಲು ಕೂತ್ಕೊಳ್ಳಿ" ಅಂದರು.

"ಏನಾಗುತ್ತೆ?"

"ನಿಂತು ಹೋಗುತ್ತೆ."

"ಹೆಂಗೆ ನಿಲ್ಲುತ್ತೆ? ಸ್ವಿಚ್ ಆಫ್ ಮಾಡ್ದಂಗೆ ಒಂದೇ ಸಲ ನಿಲ್ಲುತ್ತಾ, ಇಲ್ಲ ಗುಕ್ಕು ಹಾಕ್ಕೊಂಡು, ಎಳೀಲಾರದೆ ನಿಲ್ಲುತ್ತಾ?"

ಯೋಚಿಸಿದೆ. "ಗುಕ್ಕು ಹಾಕುತ್ತೆ. ಆಕ್ಸಿಲರೇಟರ್ ಒತ್ತಿದ್ರೂ ಎಳೆಯಲ್ಲ. ಅರ್ಧ ನಿಮಿಷದಲ್ಲಿ ನಿಲ್ಲುತ್ತೆ."

"ಎಷ್ಟು ದೂರ ಓಡಿದ ಮೇಲೆ?" ಗೊತ್ತಿಲ್ಲ. "ಆಗ ಪೆಟ್ರೋಲ್ ಎಷ್ಟಿತ್ತು?" ಗೊತ್ತಿಲ್ಲ. "ಇದೆಲ್ಲ ಶುರುವಾಗೋಕೆ ಮುಂಚೆ ಗಾಡೀಲಿ ಏನು ಬದಲಾಯಿಸಿದ್ರಿ?" ಏನೂ ಇಲ್ಲ.

ಆಫೀಸಿನಲ್ಲಿ ನನ್ನದು ಸಾಫ್ಟ್‌ವೇರ್ ಸಪೋರ್ಟ್ ಕೆಲಸ. "ವರ್ಕ್ ಆಗ್ತಿಲ್ಲ" ಅಂತ ಒಂದೇ ಸಾಲು ಬರೆದು ಟಿಕೆಟ್ ಹಾಕೋ ಕಸ್ಟಮರುಗಳನ್ನ ಬೈಕೊಳ್ಳೋದು ನಮ್ಮ ಕಾಫಿ ಟೈಮಿನ ನಿತ್ಯ ಕಾರ್ಯಕ್ರಮ. ಯಾವಾಗ ಆಯ್ತು, ಅದಕ್ಕೆ ಮುಂಚೆ ಏನು ಮಾಡಿದ್ರಿ, ಲಾಗ್ ಕಳಿಸಿ ಅಂತ ದಿನಕ್ಕೆ ಇಪ್ಪತ್ತು ಸಲ ಟೈಪ್ ಮಾಡೋ ನಾನು ಈಗ ಅದೇ ಕಸ್ಟಮರ್ ಆಗಿ ಸ್ಟೂಲಿನ ಮೇಲೆ ಕೂತಿದ್ದೆ.

ಮೇಸ್ತ್ರಿ ಬೆರಳು ಮಡಿಸಿ ಹೇಳಿದರು. ಕೀ ತಿರುಗಿಸಿದಾಗ ಸ್ಟಾರ್ಟರ್ ಸುತ್ತದೇ ಇದ್ದರೆ, ಇಲ್ಲ ಟಕ್ ಅಂತ ಸುಮ್ಮನಾದರೆ, ಬ್ಯಾಟರಿ, ಅದರ ಟರ್ಮಿನಲ್ಲು, ಅರ್ತ್ ವೈರು ನೋಡಬೇಕು. ಚೆನ್ನಾಗಿ ಸುತ್ತಿಯೂ ಇಂಜಿನ್ ಹಿಡಿಯಲಿಲ್ಲ ಅಂದರೆ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಬರ್ತಿಲ್ಲ. ಕಿಡಿ ಹೋದರೆ ಸಾಮಾನ್ಯವಾಗಿ ಪಟ್ ಅಂತ ನಿಲ್ಲುತ್ತೆ. ಪೆಟ್ರೋಲ್ ಕಡಿಮೆಯಾದರೆ ಒದ್ದಾಡಿ ನಿಲ್ಲುತ್ತೆ. "ನಿಮ್ದು ಒದ್ದಾಡ್ತಿದೆ. ಆದ್ರೆ ನಿಂತಾಗ್ಲೇ ನೋಡ್ಬೇಕು. ಓಡ್ತಿರೋ ಗಾಡಿ ಸುಳ್ಳು ಹೇಳುತ್ತೆ."

ಅಷ್ಟರಲ್ಲಿ ಅಪ್ಪ ಎದ್ದು ಹೋಗಿ ಡ್ಯಾಶ್‌ಬೋರ್ಡಿನ ಖಾನೆಯಿಂದ ಒಂದು ಡೈರಿ ತಂದು ಮೇಸ್ತ್ರಿ ಕೈಗಿಟ್ಟರು. ಅದು ಅಲ್ಲಿರೋದು ನನಗೆ ಗೊತ್ತಿತ್ತು. ಪೆಟ್ರೋಲ್ ಲೆಕ್ಕ ಅಂತ ಯಾವತ್ತೂ ತೆರೆದಿರಲಿಲ್ಲ. ಮೇಸ್ತ್ರಿ ಕನ್ನಡಕ ಏರಿಸಿ ಓದುತ್ತಾ ಹೋದರು. ನಾನು ಅವರ ಭುಜದ ಮೇಲಿಂದ ಬಗ್ಗಿ ನೋಡಿದೆ.

ಅಪ್ಪನ ಸಾಲುಗಳೆಲ್ಲ ಒಂದೇ ಥರ: ತಾರೀಖು, ಮೀಟರು, ಪೆಟ್ರೋಲ್ 300 ರೂ. ಮತ್ತೆ 300. ಮತ್ತೆ 300. ನಾಲ್ಕು ಲೀಟರಿನ ಮೇಲೆ ಅವರು ಹಾಕಿಸಿದವರೇ ಅಲ್ಲ. "ದುಡ್ಡು ಜೇಬಲ್ಲಿರ್ಬೇಕು, ಟ್ಯಾಂಕಲ್ಲಿ ಯಾಕಿರ್ಬೇಕು" ಅನ್ನೋರು. ಮಧ್ಯೆ ಮಧ್ಯೆ ನನ್ನ ಸಾಲುಗಳು, ಅವರದೇ ಅಕ್ಷರದಲ್ಲಿ:

ಫೆ. 11. ಮಗ, ಫುಲ್ ಟ್ಯಾಂಕ್. ನೆಲಮಂಗಲ ದಾಟಿ ನಿಂತಿತು.

ಮಾ. 10. ಮಗ, ಫುಲ್ ಟ್ಯಾಂಕ್. ಬಿಡದಿ ಹತ್ತಿರ ನಿಂತಿತು.

ಏ. 6. ಮಗ, ದೇವನಹಳ್ಳಿ ಬಂಕ್, ಫುಲ್ ಟ್ಯಾಂಕ್. ಹೆಬ್ಬಾಳದಲ್ಲಿ ನಿಂತಿತು.

"ಮೊದಲ ಎರಡು ಸಲ ಎಲ್ಲಿ ಹಾಕಿಸಿದ್ರಿ?" ಮೇಸ್ತ್ರಿ ಕೇಳಿದರು. ಮನೆ ಹತ್ತಿರ, ರಾಜಾಜಿನಗರದಲ್ಲಿ. "ಅಂದ್ರೆ ಮೂರು ಸಲವೂ ಇಪ್ಪತ್ತು ಮೂವತ್ತು ಕಿಲೋಮೀಟರೊಳಗೆ. ಬಿಡದೀಲಿ ಹೆಂಗೆ ಸ್ಟಾರ್ಟ್ ಆಯ್ತು?"

ನಾನು ನಕ್ಕೆ. ಅದು ನಾನು ಫ್ರೆಂಡ್ಸ್ ಹತ್ರ ಜೋಕ್ ಥರ ಹೇಳಿಕೊಂಡು ತಿರುಗಿದ ಕಥೆ. ಮೀಟರ್ ಸುಳ್ಳು ತೋರಿಸ್ತಿದೆಯೇನೋ ಅಂತ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ್ದೆ. ಉಸ್ ಅಂತ ಸದ್ದು ಬಂತು. ಆಮೇಲೆ ಸ್ಟಾರ್ಟ್ ಮಾಡಿದರೆ ಹಿಡಿದುಕೊಂಡಿತು. ಪೆಟ್ರೋಲ್ ಇದೆ ಅಂತ ಅದಕ್ಕೇ ತೋರಿಸಿಕೊಟ್ಟೆ, ನಂಬಿತು ಅಂತ ಎಲ್ಲರ ಹತ್ರ ಹೇಳಿದ್ದೆ.

ಮೇಸ್ತ್ರಿ ನಗಲಿಲ್ಲ. ಡೈರಿ ಮುಚ್ಚಿ ಎದ್ದರು.

ಬಂಕಿಗೆ ಹೋಗಿ ಫುಲ್ ಮಾಡಿಸಿ ತುಮಕೂರು ರಸ್ತೆ ಹಿಡಿದೆವು. ಮೇಸ್ತ್ರಿ ಸ್ಟಿಯರಿಂಗಿನಲ್ಲಿ, ಅಪ್ಪ ಹಿಂದೆ. ನೆಲಮಂಗಲಕ್ಕೆ ಇನ್ನೆರಡು ಕಿಲೋಮೀಟರ್ ಇದೆ ಅನ್ನುವಾಗ ಗುಕ್ಕು ಶುರುವಾಯಿತು. ಗಾಡಿ ನಿಂತಿದ್ದಕ್ಕೆ ಖುಷಿಪಟ್ಟಿದ್ದು ಜೀವನದಲ್ಲಿ ಅದೇ ಮೊದಲು. ಅವರು ಉರುಳಿಸಿಕೊಂಡೇ ಸರ್ವಿಸ್ ರಸ್ತೆಗೆ ಇಳಿಸಿ ಬಾನೆಟ್ ತೆಗೆದರು. ಒಂದು ಪ್ಲಗ್ ವೈರ್ ಕಿತ್ತು, ಜೇಬಿನಲ್ಲಿದ್ದ ಹಳೇ ಪ್ಲಗ್ಗಿಗೆ ಸಿಕ್ಕಿಸಿ, ಇಂಜಿನ್ನಿಗೆ ತಾಗಿಸಿಟ್ಟು "ಹೊಡೀರಿ" ಅಂದರು. ಚಟ್ ಚಟ್ ಅಂತ ನೀಲಿ ಕಿಡಿ. ಹಾಗಾದರೆ ಕಾಯಿಲ್ ಸರಿ ಇದೆ. ಆಮೇಲೆ ಪೆಟ್ರೋಲ್ ಫಿಲ್ಟರ್ ತೋರಿಸಿದರು. ಪಾರದರ್ಶಕ ಪ್ಲಾಸ್ಟಿಕ್ಕಿನದು. ಟ್ಯಾಂಕ್ ಕಂಠಪೂರ್ತಿ ಇದ್ದರೂ ಅದರಲ್ಲಿ ತಳ ಕಾಣುತ್ತಿತ್ತು.

"ಈಗ ಕೇಳಿಸ್ಕೊಳ್ಳಿ" ಅಂತ ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳವನ್ನ ನಿಧಾನವಾಗಿ ತಿರುಗಿಸಿದರು. ಉಸ್ಸ್... ಗಾಳಿ ಹೊರಗೆ ಬರುತ್ತಿರಲಿಲ್ಲ, ಒಳಗೆ ಹೋಗುತ್ತಿತ್ತು. ಸ್ಟಾರ್ಟರ್ ಹೊಡೆದೆ. ಫಿಲ್ಟರ್ ತುಂಬಿಕೊಂಡಿತು, ಇಂಜಿನ್ ಹಿಡಿಯಿತು.

ಪಂಪು ಪೆಟ್ರೋಲ್ ಎಳೆದಷ್ಟೂ ಟ್ಯಾಂಕಿನೊಳಗೆ ಗಾಳಿ ಹೋಗಬೇಕು. ಅದಕ್ಕೆ ಮುಚ್ಚಳದಲ್ಲಿ ಒಂದು ಸಣ್ಣ ಕವಾಟ ಇರುತ್ತೆ. ನಮ್ಮ ಮುಚ್ಚಳದಲ್ಲಿ ಅದು ಇರಲೇ ಇಲ್ಲ. ಟ್ಯಾಂಕ್ ತುಂಬಿದ್ದಾಗ ಮೇಲೆ ಎರಡು ಎರಡೂವರೆ ಲೀಟರಿನಷ್ಟು ಜಾಗದಲ್ಲಿ ಮಾತ್ರ ಗಾಳಿ. ಒಂದೂವರೆ ಎರಡು ಲೀಟರ್ ಖರ್ಚಾಗೋದರೊಳಗೆ ಆ ಗಾಳಿ ತೆಳುವಾಗಿ, ಟ್ಯಾಂಕು ಪೆಟ್ರೋಲನ್ನ ಹಿಡಿದೆಳೆಯೋಕೆ ಶುರುಮಾಡುತ್ತೆ, ಪಂಪು ಸೋಲುತ್ತೆ. ಲೀಟರಿಗೆ 15 ಕಿಲೋಮೀಟರ್ ಅಂದರೆ ಸರಿಯಾಗಿ ನೆಲಮಂಗಲ, ಬಿಡದಿ, ಹೆಬ್ಬಾಳ. ಅರ್ಧ ಗಂಟೆ ಬಿಟ್ಟರೆ ಎಲ್ಲೋ ಸಂದಿಯಿಂದ ಗಾಳಿ ಸೇರಿ, ಪೆಟ್ರೋಲೂ ಸ್ವಲ್ಪ ಆವಿಯಾಗಿ ಮತ್ತೆ ಸರಿಹೋಗುತ್ತೆ. ಅಪ್ಪನ 300 ರೂಪಾಯಿ ಟ್ಯಾಂಕಿನಲ್ಲೋ, ಮುಕ್ಕಾಲು ಭಾಗ ಗಾಳಿಯೇ. ನಾಲ್ಕು ಲೀಟರ್ ಮುಗಿದರೂ ಅದಕ್ಕೆ ಏನೂ ಅನ್ನಿಸಲ್ಲ.

ಅವರ ಕೈಲಿ ಅದು ನಿಜವಾಗಿಯೂ ಒಂದು ಸಲಾನೂ ನಿಂತಿರಲಿಲ್ಲ. ಅವರು ನನ್ನನ್ನ ಆಡಿಕೊಂಡಿರಲಿಲ್ಲ, ಕಂಡಿದ್ದನ್ನ ಹೇಳಿದ್ದರು. ನಾನೇ ಮೂರು ಸಲವೂ ಬೈಗುಳ ಅಂತ ಕೇಳಿಸಿಕೊಂಡಿದ್ದೆ.

ಮೇಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ. ನೆಲಮಂಗಲದಲ್ಲಿ ಮತ್ತೆ ಟ್ಯಾಂಕ್ ತುಂಬಿಸಿ, ಮುಚ್ಚಳವನ್ನ ಸಡಿಲವಾಗಿ ಇಟ್ಟು ವಾಪಸ್ ಓಡಿಸಿದರು. ಎಲ್ಲೂ ನಿಲ್ಲಲಿಲ್ಲ. ಸುಮ್ಮನೆ ಸ್ವಲ್ಪ ಸುತ್ತಿಸಿ, ಮೂವತ್ತು ಕಿಲೋಮೀಟರ್ ದಾಟಿಸಿಯೇ ಶೆಡ್ಡಿಗೆ ತಂದರು. "ಇದಕ್ಕೇ ನಿಲ್ಲುತ್ತೆ ಅಂತ ಒಂದ್ಸಲ ನೋಡ್ಬೇಕು, ಇದನ್ನ ತೆಗೆದ್ರೆ ನಿಲ್ಲಲ್ಲ ಅಂತ ಇನ್ನೊಂದ್ಸಲ ನೋಡ್ಬೇಕು. ಪರೀಕ್ಷೆಗೆ ಅಂತ ಸಡಿಲ ಬಿಟ್ಟಿದ್ದು, ಹಿಂಗೇ ಓಡಿಸ್ಬೇಡಿ ಮತ್ತೆ" ಅಂದರು. ಆಮೇಲೆ ಮುಚ್ಚಳವನ್ನ ಕೈಯಲ್ಲಿ ತಿರುಗಿಸಿ ನೋಡುತ್ತಾ, "ಇದು ಕಂಪನಿದಲ್ಲ. ಎಲ್ಲಿ ಸಿಕ್ತು?"

ಆಗ ನೆನಪಾಯಿತು. ಜನವರಿಯಲ್ಲಿ ಬಂಕಿನವನು ಮುಚ್ಚಳವನ್ನ ಕಾರಿನ ಟಾಪ್ ಮೇಲೆ ಇಟ್ಟಿದ್ದ. ನಾನು ಫೋನಿನಲ್ಲಿ ಮಾತಾಡ್ತಾ ಹಾಗೇ ಹೊರಟಿದ್ದೆ. ಅದು ಎಲ್ಲಿ ಬಿತ್ತೋ. ಅಪ್ಪನಿಗೆ ಗೊತ್ತಾದರೆ ಪಾಠ ಶುರುವಾಗುತ್ತೆ ಅಂತ ರಸ್ತೆ ಬದಿಯಲ್ಲಿ 120 ರೂಪಾಯಿಗೆ ಬೀಗದ ಮುಚ್ಚಳ ಒಂದನ್ನ ಕೊಂಡು ಹಾಕಿದ್ದೆ. ಏನು ಬದಲಾಯಿಸಿದ್ರಿ ಅಂದಾಗ ಏನೂ ಇಲ್ಲ ಅಂದಿದ್ದು ಸುಳ್ಳು ಹೇಳಬೇಕು ಅಂತಲ್ಲ, ನಿಜವಾಗಿಯೂ ಮರೆತಿದ್ದೆ. ಮುಚ್ಚಳ ಅನ್ನೋದು ಗಾಡಿಯ ಭಾಗ ಅಂತಲೇ ನನಗೆ ಅನ್ನಿಸಿರಲಿಲ್ಲ.

ಅಪ್ಪ ಏನೂ ಅನ್ನಲಿಲ್ಲ. ಮನೆಗೆ ಬಂದ ಮೇಲೆ ಡೈರಿ ಮತ್ತೆ ತೆಗೆದು ಹಿಂದಕ್ಕೆ ತಿರುವಿದೆ. ಜನವರಿ 22ರ ಕೆಳಗೆ ಇತ್ತು: ಪೆಟ್ರೋಲ್ ಮುಚ್ಚಳ ಬೇರೆ. ಮಗ ಹೇಳಲಿಲ್ಲ.

ಅಮ್ಮನಿಗೆ ವಿಷಯ ಹೇಳಿದರೆ ಅವಳು ಆಶ್ಚರ್ಯವನ್ನೇ ಪಡಲಿಲ್ಲ. "ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಬರುತ್ತೇನೋ? ಈ ಕಡೆ ಇನ್ನೊಂದು ಮಾಡ್ಬೇಕು. ಅದಕ್ಕೆ 9,000 ಕೊಟ್ಟಾ?"

ಭಾನುವಾರ ಬರಬೇಕಿದ್ದವನಿಗೆ ಬೇಡ ಅಂತ ಫೋನ್ ಮಾಡಿದೆ. ಸೋಮವಾರ ಜೆ.ಸಿ. ರಸ್ತೆಗೆ ಹೋಗಿ ಸರಿಯಾದ ಮುಚ್ಚಳ ತಂದೆ. ಅಂಗಡಿಯಲ್ಲೇ ತಿರುಗಿಸಿ ಕವಾಟ ಇದೆಯಾ ಅಂತ ನೋಡಿ ತಗೊಂಡಿದ್ದನ್ನ ಕಂಡು ಅಂಗಡಿಯವನು ನಕ್ಕ. ಅಪ್ಪನ ಕೈಗೆ ಕೊಟ್ಟು, "ಹಳೇದು ಕಳೆದುಹಾಕಿದ್ದು ನಾನೇ" ಅಂದೆ. "ಗೊತ್ತು ಕಣೋ" ಅಂದು ಅವರು ಪೇಪರ್ ಓದೋಕೆ ಹೋದರು. ಹೆಬ್ಬಾಳದಲ್ಲಿ ಕೂಗಾಡಿದ್ದರ ಬಗ್ಗೆಯೂ ಏನೋ ಹೇಳಬೇಕು ಅಂತಿದ್ದೆ. ಬಾಯಿಗೆ ಬರಲಿಲ್ಲ.

ಮುಂದಿನ ವಾರ ಆಫೀಸಿನಿಂದ ಬಂದಾಗ ಕಾರು ಸ್ವಲ್ಪ ಓರೆಯಾಗಿ ನಿಂತಿತ್ತು, ಟೈರಿಗೆಲ್ಲ ಕೆಂಪು ಧೂಳು. ಸುಮ್ಮನೆ ಖಾನೆಯಿಂದ ಡೈರಿ ತೆಗೆದು ಕೊನೆಯ ಪುಟ ನೋಡಿದೆ.

ಏ. 19. ಫುಲ್ ಟ್ಯಾಂಕ್. ಒಬ್ಬನೇ ತುಮಕೂರಿಗೆ ಹೋಗಿ ಬಂದೆ. ಎಲ್ಲೂ ನಿಲ್ಲಲಿಲ್ಲ.