ಹೊಳೆಯ ತಡಿಯ ಬಿಡಾರ

ಅತಿಥಿಯೆಂದರೆ ತಿಥಿಯನ್ನು ನೋಡದೆ ಬರುವವನೆಂದು ಬಲ್ಲವರು ಅರ್ಥ ಹೇಳುತ್ತಾರೆ. ಅಮೆರಿಕಾ ದೇಶದ ಸಾರ್ವಜನಿಕ ಬಿಡಾರಗಳಲ್ಲಿ ಈ ಅರ್ಥವು ತಲೆಕೆಳಗಾಗಿದೆ. ಹೆಸರಾಂತ ಎಡೆಗಳಿಗೆ ಬರುವವನು ತಿಂಗಳುಗಳ ಮೊದಲೇ ತಿಥಿಯನ್ನು ಗೊತ್ತುಮಾಡಿಕೊಂಡು, ಹಣ ತೆತ್ತು, ಬರುವ ದಿನದೊಡನೆ ಹೊರಡುವ ದಿನವನ್ನೂ ಬರೆಯಿಸಿಕೊಂಡು ಬರತಕ್ಕದ್ದು.

ಕ್ಯಾಲಿಫೋರ್ನಿಯಾ ಪ್ರಾಂತದ ಯೊಸೆಮಿಟಿ ಕಣಿವೆಯಲ್ಲಿ ಮರ್ಸೆಡ್ ಎಂಬ ಹೊಳೆ ಹರಿಯುತ್ತದೆ. ಇಕ್ಕೆಲದಲ್ಲಿಯೂ ಸಾವಿರಾರು ಅಡಿ ಎತ್ತರದ ಬೂದುಗಲ್ಲಿನ ಗೋಡೆಗಳು. ನಡುವೆ ಪೈನ್ ಮರಗಳ ತೋಪು. ಆ ತೋಪಿನಲ್ಲಿಯೇ ಬಿಡಾರಗಳಿವೆ. ಬಂದವರಿಗೆ ಅಂಕೆ ಹಾಕಿದ ಒಂದೊಂದು ನೆಲೆ. ಅದರಲ್ಲಿ ಒಂದು ಮೇಜು, ಬೆಂಕಿಗೊಂದು ಗುಂಡಿ, ಒಂದು ಕಬ್ಬಿಣದ ಪೆಟ್ಟಿಗೆ. ಕೆಲವರು ಡೇರೆ ಹೊಡೆಯುತ್ತಾರೆ. ಕೆಲವರು ಅಡಿಗೆ, ಸ್ನಾನ, ನಿದ್ರೆಗಳಿಗೆಲ್ಲ ಅನುಕೂಲವುಳ್ಳ ಮೋಟಾರು ಮನೆಯನ್ನೇ ನಡೆಸಿಕೊಂಡು ಬರುತ್ತಾರೆ. ನಿಯಮಗಳು ಇಬ್ಬರಿಗೂ ಒಂದೇ. ಒಂದು ನೆಲೆಯಲ್ಲಿ ಆರು ಮಂದಿಗೆ ಮೀರಿ ಇರಕೂಡದು; ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ಸದ್ದು ಮಾಡಕೂಡದು; ಬಿದ್ದ ಪುಳ್ಳೆಯನ್ನೂ ಆಯಕೂಡದು.

ಆ ನಾಡಿನಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರೂ ಬೇಸಗೆಯಲ್ಲಿ ಇಲ್ಲಿಗೆ ಬರುವುದುಂಟು. ಅಂಥ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಊರಿನಿಂದ ಬಂದ ತಾಯಿ ಡೇರೆಯ ಮುಂದೆ ಕುಳಿತಿದ್ದಾಳೆ. ಮಗನು ಪುಳಿಯೋಗರೆಯ ಗೊಜ್ಜಿನ ಭರಣಿಯನ್ನೂ, ಅದರೊಡನೆ ಸಾಬೂನು ಹಲ್ಲುಪುಡಿಗಳನ್ನೂ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಅಗುಳಿ ಹಾಕುತ್ತಾನೆ.

“ಕಳ್ಳರ ಭಯವೇನೋ?”

“ಕರಡಿಯ ಭಯವಮ್ಮ. ವಾಸನೆ ಹಿಡಿದು ಬಂದರೆ ಕಾರಿನ ಬಾಗಿಲನ್ನೇ ಕಿತ್ತುಹಾಕುತ್ತದೆ.”

“ಹಾಗಾದರೆ ಇದು ಯಾರ ಜಾಗವಪ್ಪಾ?”

“ಸರ್ಕಾರದ್ದಮ್ಮ.”

ಆ ಉತ್ತರವು ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ೧೮೬೪ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಲಿಂಕನ್ನರು ಈ ಕಣಿವೆಯನ್ನು ಸಮಸ್ತ ಜನರ ವಿಹಾರಕ್ಕೆ ಮೀಸಲಿಡುವ ಶಾಸನಕ್ಕೆ ರುಜು ಹಾಕಿದರು. ಧನಿಕನೊಬ್ಬನ ತೋಟವಾಗಬಹುದಾಗಿದ್ದ ತಡಿಯಲ್ಲಿ ಇಂದು ಸಾಮಾನ್ಯನೂ ಮಲಗಿ ನಕ್ಷತ್ರಗಳನ್ನು ನೋಡಬಹುದು. ಇದು ಸಣ್ಣ ಪುಣ್ಯವಲ್ಲ. ಆದರೆ ಅದಕ್ಕೆ ಹದಿಮೂರು ವರ್ಷ ಮೊದಲು, ೧೮೫೧ರಲ್ಲಿ, ಬಂದೂಕು ಹಿಡಿದ ದಂಡೊಂದು ಇಲ್ಲಿಗೆ ನುಗ್ಗಿ, ತಲೆಮಾರುಗಳಿಂದ ಬಾಳಿದ್ದ ಅಹ್ವಾನೀಚೀ ಜನರನ್ನು ಓಡಿಸಿ, ಅವರ ಗುಡಿಸಲುಗಳನ್ನೂ ಕೂಡಿಟ್ಟ ಆಹಾರವನ್ನೂ ಸುಟ್ಟಿತು. ಸಮಸ್ತ ಜನರೆಂಬ ಮಾತಿನಲ್ಲಿ ಆ ಮನೆಯವರು ಸೇರಿರಲಿಲ್ಲ. ಮುಂದೆ ಕೆಲವರು ಮರಳಿ ಬಂದು ನೆಲಸಿದರು; ಕಣಿವೆಯಲ್ಲಿದ್ದ ಅವರ ಕಡೆಯ ಕೇರಿಯೂ ೧೯೬೯ರಲ್ಲಿ ಇಲ್ಲವಾಯಿತು.

ತಡಿಯ ಮೇಲೆ ಹೊಳೆಗೂ ಒಂದು ಹಕ್ಕುಂಟು. ೧೯೯೭ನೆಯ ಜನವರಿಯ ಮೊದಲ ದಿನಗಳಲ್ಲಿ ಮೇಲಿನ ಬೆಟ್ಟಗಳ ಹಿಮದ ಮೇಲೆ ಬೆಚ್ಚನೆಯ ಮಳೆ ಸುರಿಯಿತು. ಕರಗಿದ ಹಿಮವೂ ಮಳೆಯೂ ಕೂಡಿ ಮರ್ಸೆಡ್ ದಡ ಮೀರಿ ರಸ್ತೆಗಳನ್ನೂ ವಸತಿಗಳನ್ನೂ ಕೆಡಿಸಿತು. ಉದ್ಯಾನವನ್ನು ಎರಡು ತಿಂಗಳಿಗೂ ಮಿಗಿಲಾಗಿ ಮುಚ್ಚಬೇಕಾಯಿತು. ನೀರಿಗೆ ಹತ್ತಿರವಿದ್ದ ‘ಅಪ್ಪರ್ ರಿವರ್’, ‘ಲೋವರ್ ರಿವರ್’ ಎಂಬ ಬಿಡಾರಗಳು ಹಾಳಾದವು. ಬಹುಕಾಲ ಅವನ್ನು ಮತ್ತೆ ಕಟ್ಟದೆ ಹಾಗೆಯೇ ಬಿಟ್ಟರು. ಅಂದು ನೀರು ಎಷ್ಟೆತ್ತರ ನಿಂತಿತ್ತೆಂಬುದನ್ನು ತೋರಿಸುವ ಹಲಗೆಗಳನ್ನು ಕಣಿವೆಯಲ್ಲಿ ನೆಟ್ಟಿದ್ದಾರೆ. ತಿಥಿಯನ್ನು ನೋಡದೆ ಬಂದುದು ಹೊಳೆ. ಆದರೂ ಅದನ್ನು ಅತಿಥಿಯೆನ್ನಲಾಗದು. ಅದು ಬಂದುದು ತನ್ನ ಮನೆಗೆ.

ಬೇಸಗೆಯಲ್ಲಿ ಕಣಿವೆಯೊಳಗೆ ಏಳು ರಾತ್ರಿಗಿಂತ ಹೆಚ್ಚು ತಂಗಲು ಯಾರಿಗೂ ಅಪ್ಪಣೆಯಿಲ್ಲವೆಂದು ತಿಳಿದಾಗ ಮೊದಲು ಬೇಸರವಾಗಬಹುದು. ಈ ಚರಿತ್ರೆಯನ್ನು ಬಲ್ಲವನಿಗೆ ಅದು ನ್ಯಾಯವಾಗಿಯೇ ಕಾಣುತ್ತದೆ. ಹೊರಡುವ ಬೆಳಿಗ್ಗೆ ಮಗನು ಡೇರೆಯನ್ನು ಮಡಿಸುತ್ತಾನೆ. ತಾಯಿ ಬೂದಿಗೆ ನೀರು ಹೊಯ್ದು, ಕೈಯಿಟ್ಟು ನೋಡಿ, ಇನ್ನೂ ಬೆಚ್ಚಗಿದೆಯೆಂದು ಮತ್ತೊಂದು ತಂಬಿಗೆ ಹೊಯ್ಯುತ್ತಾಳೆ. ಬಿದ್ದಿದ್ದ ಕಾಗದದ ಚೂರನ್ನು ಎತ್ತಿ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. “ಬಂದವರಿಗೆ ಚೊಕ್ಕಟವಾಗಿ ಸಿಗಲಪ್ಪಾ” ಎನ್ನುತ್ತಾಳೆ. ಜಾಗ ಯಾರದೆಂದು ಆಕೆ ಮತ್ತೆ ಕೇಳುವುದಿಲ್ಲ. ತನ್ನದಲ್ಲವೆಂಬುದು ಮನಸ್ಸಿಗೆ ಹತ್ತಿದರೆ, ಅಲ್ಲಿ ಹೇಗೆ ನಡೆಯಬೇಕೆಂಬುದು ತಾನಾಗಿ ತಿಳಿಯುತ್ತದೆ.