ಟೆಕ್ಸಾಸ್ ಡ್ಯೂಟಿ ಡೈರಿ – 14: ತೋಟಾ, ಸ್ಟ್ಯಾಟಿಕ್ ಮತ್ತು ಕೈ ತೊಳೆಯೋ ವಿಷಯ

ಹೋದ ಸಲ ಇಲ್ಲಿನ ಚಳಿ ಬಗ್ಗೆ ಬರೆದೆ. ಊರಿಂದ ಬಂದ ಪ್ರಶ್ನೆ ಮಾತ್ರ ಬೇರೆ: “ಅಲ್ಲಿ ಜನ ಮನೇಲೇ ಕೂತು ತೋಟಾ ತುಂಬ್ತಾರಂತೆ, ಹೌದಾ?” ಹೌದು. ಎಲೆಕ್ಷನ್ ಬಂತು ಅಂದ್ರೆ ಕೋವಿ ಹೊತ್ತುಕೊಂಡು ಹೋಗಿ ಸ್ಟೇಷನ್ನಿಗೆ ಒಪ್ಪಿಸಿ ಬರೋ ನಮ್ಮ ಮೂಡಿಗೆರೆ ಕಡೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಲ್ಲಿ ಸ್ವಂತಕ್ಕೆ ತುಂಬಿಕೊಳ್ಳೋದಕ್ಕೆ ಬೇರೆ ಲೈಸೆನ್ಸ್ ಬೇಡ.

ಡಾಲಸ್‌ನಲ್ಲಿ ನಮ್ಮ ಪಕ್ಕದ ಮನೆ ತಾತನಿಗೆ ಇದೇ ಹವ್ಯಾಸ. (ಅವರನ್ನು ಕೇಳಿಯೇ ಬರೀತಿದ್ದೀನಿ.) ವಾರಕ್ಕೊಮ್ಮೆ ಗುರಿ ಹೊಡೆಯೋಕೆ ಹೋಗ್ತಾರೆ. ಖಾಲಿಯಾದ ಹಿತ್ತಾಳೆ ಕೊಳವೆಗಳನ್ನು ಆರಿಸಿ ತಂದು, ಉಜ್ಜಿ, ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಮೇಲೆ ಗುಂಡು ಒತ್ತಿ ಮತ್ತೆ ತೋಟಾ ಮಾಡ್ತಾರೆ. ಗ್ಯಾರೇಜಿನಲ್ಲಿ ಒಂದು ಮೇಜು, ಒಂದು ಪ್ರೆಸ್, ಮದ್ದು ಅಳೆಯೋಕೆ ಪ್ಲಾಸ್ಟಿಕ್ ಡಬ್ಬಿ ಇರೋ ಒಂದು ಯಂತ್ರ. ನಮ್ಮ ಮೆಡಿಸಿನ್ ಟ್ರಾಲಿಗಿಂತ ನೀಟು.

ಮದ್ದನ್ನು ಅಳೆಯೋದು ಗ್ರೇನ್ ಲೆಕ್ಕದಲ್ಲಿ. ಹಳೇ ಕಾಲದ ನರ್ಸ್‌ಗಳಿಗೆ ಈ ಗ್ರೇನ್ ಗೊತ್ತು. ಒಂದು ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ. ಇಲ್ಲಿನ ಆಸ್ಪಿರಿನ್ ಮಾತ್ರೆ 325 ಮಿಲಿಗ್ರಾಂ ಇರೋದು ಅದಕ್ಕೇ, ಅದು 5 ಗ್ರೇನ್. ನಮಗೆ ಡೋಸ್ ತಪ್ಪಬಾರದು, ಅವರಿಗೂ ತಪ್ಪಬಾರದು. ಮದ್ದು ಕಮ್ಮಿಯಾದ್ರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು, ಜಾಸ್ತಿಯಾದ್ರೆ ಕೋವಿಯೇ ಸಿಡಿಯಬಹುದು.

ಈ ಡೋಸ್ ಕೆಡಿಸೋದು ಸ್ಟ್ಯಾಟಿಕ್. ಸ್ಕೂಲಲ್ಲಿ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತುತ್ತಿದ್ದೆವಲ್ಲ, ಅದೇ. ಡಾಲಸ್‌ನಲ್ಲಿ ಚಳಿಗಾಲದ ಉತ್ತರದ ಗಾಳಿಗೆ ಹೀಟರ್ ಬೇರೆ ಸೇರಿ ಮನೆಯೊಳಗೆ ತೇವವೇ ಇರಲ್ಲ. ಸ್ವೆಟರ್ ತೆಗೆದರೆ ಚಟಚಟ ಅನ್ನುತ್ತೆ. ಮದ್ದಿನ ಕಾಳು ಡಬ್ಬಿಯ ಗೋಡೆಗೆ ಅಂಟಿಕೊಂಡು ಒಂದು ತೋಟಾಕ್ಕೆ ಕಮ್ಮಿ ಬಿದ್ದು, ಇನ್ನೊಂದಕ್ಕೆ ಒಟ್ಟಿಗೆ ಉದುರುತ್ತೆ. ಹ್ಯೂಸ್ಟನ್‌ನಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಮಂಗಳೂರಿನ ಅಕ್ಕನ ಗಂಡನೂ ತೋಟಾ ತುಂಬ್ತಾರೆ. ಅವರಿಗೆ ಈ ತಾಪತ್ರಯ ಕಮ್ಮಿ. ಅಲ್ಲಿ ಸಮುದ್ರದ ಕಡೆಯ ಗಾಳಿ, ನಮ್ಮ ಕರಾವಳಿ ಥರ ಬೆವರು.

ತಾತ ಮಾಡೋ ಉಪಾಯ ಸರಳ. ಮೊದಲು ಉಳಿದ ಮದ್ದನ್ನು ಅದರದೇ ಡಬ್ಬಕ್ಕೆ ವಾಪಸ್ ಸುರೀತಾರೆ. ಪ್ಲಾಸ್ಟಿಕ್ ಭಾಗವನ್ನು ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ತೊಳೆದು, ಒರೆಸದೆ, ತಾನಾಗೇ ಪೂರ್ತಿ ಒಣಗೋಕೆ ಬಿಡ್ತಾರೆ. ಒಣಬಟ್ಟೆಯಲ್ಲಿ ತಿಕ್ಕಿದರೆ ಸ್ಟ್ಯಾಟಿಕ್ ಇನ್ನೂ ಹೆಚ್ಚು. ಆಮೇಲೆ ಬಟ್ಟೆ ಒಣಗಿಸೋ ಮಷಿನ್‌ಗೆ ಹಾಕುವ ಡ್ರೈಯರ್ ಶೀಟ್‌ನಿಂದ ಒಳಗೆ ಒಮ್ಮೆ ಸವರ್ತಾರೆ. ಮದ್ದಿನ ಕಾಳಿಗೆ ಮೊದಲೇ ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಸವರಿರುತ್ತೆ. ಹಾಗಾಗಿ ಮೊದಲ ಕೆಲವು ಅಳತೆ ಸುಮ್ಮನೆ ಹಾಕಿ ತೆಗೆದರೆ ಯಂತ್ರದ ಒಳಮೈಗೂ ಅದು ಹತ್ತಿ, ಕಾಳು ಅಂಟೋದು ಕಮ್ಮಿಯಾಗುತ್ತೆ.

ಇಷ್ಟೇ ಆಗಿದ್ದರೆ ನಾನು ಬರೀತಿರಲಿಲ್ಲ. ತಾತನ ಮಗಳು ಆಸ್ಟಿನ್‌ನಲ್ಲಿರೋದು. ಈ ಚಳಿಗಾಲ ಮಗುವನ್ನು ಕರ್ಕೊಂಡು ಬಂದು ಎರಡು ತಿಂಗಳು ಅಪ್ಪನ ಮನೇಲಿದ್ದಳು. ವಾಪಸ್ ಹೋದಮೇಲೆ ಮಗುವಿಗೆ ಎರಡು ವರ್ಷದ ಚೆಕಪ್. ಬೆರಳು ಚುಚ್ಚಿ ನೋಡಿದಾಗ ರಕ್ತದಲ್ಲಿ ಸೀಸ 8 ಬಂತು. ಬೆರಳ ಮೇಲೆ ಹತ್ತಿದ್ದ ಸೀಸವೇ ರಕ್ತಕ್ಕೆ ಸೇರಿರಬಹುದು ಅಂತ ರಕ್ತನಾಳದಿಂದ ತೆಗೆದು ಮತ್ತೆ ನೋಡಿದರು, 6. ಇಲ್ಲಿ ಮಕ್ಕಳಿಗೆ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ದಾಟಿದರೆ ಎಚ್ಚರ ಅಂತ 2021ರಿಂದ ಲೆಕ್ಕ. ಮಗು ಆಡ್ಕೊಂಡು ಚೆನ್ನಾಗೇ ಇತ್ತು. ಅದೇ ಭಯ. ಲಕ್ಷಣ ಏನೂ ತೋರಿಸದೇ ಬೆಳೆಯೋ ಮಿದುಳಿಗೆ ಪೆಟ್ಟು ಕೊಡುತ್ತೆ. ಇಷ್ಟು ಇದ್ರೆ ಪರವಾಗಿಲ್ಲ ಅನ್ನೋ ಮಟ್ಟ ಮಕ್ಕಳಿಗೆ ಇಲ್ಲ.

ಡಾಕ್ಟರ್ ಕೇಳಿದ ಪ್ರಶ್ನೆ: ಮನೇಲಿ ಬ್ಯಾಟರಿ, ಹಳೇ ಪೇಂಟ್, ಬಂದೂಕಿನ ಕೆಲಸ ಇದೆಯಾ? ಫೋನಿನಲ್ಲಿ ಮಗಳು ಅದನ್ನು ಹೇಳಿದಾಗ ತಾತ ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟರು. ಆ ಸಂಜೆ ನನ್ನನ್ನು ಕರೆದು ಗ್ಯಾರೇಜ್ ತೋರಿಸಿದರು. ಮದ್ದು ಅಲ್ಲ ತೊಂದರೆ. ಹೊಡೆದ ಕೇಪಿನ ಮಸಿಯಲ್ಲಿ ಸೀಸ ಇರುತ್ತೆ, ಗುಂಡಿನಲ್ಲೂ ಇರುತ್ತೆ. ಖಾಲಿ ಕೊಳವೆಗಳನ್ನು ಅಕ್ರೋಟ್ ಸಿಪ್ಪೆಯ ತರಿ ಜೊತೆ ಮಷಿನ್ನಲ್ಲಿ ಒಣದಾಗಿ ಕುಲುಕಿ ಹೊಳಪು ಮಾಡುವಾಗ ಎದ್ದ ಧೂಳು ಮೇಜು, ಚಪ್ಪಲಿ, ಶರ್ಟು ಎಲ್ಲದರ ಮೇಲೂ. ಅದೇ ಶರ್ಟಿನಲ್ಲಿ ಮೊಮ್ಮಗನನ್ನು ಎತ್ತಿಕೊಳ್ಳೋದು. ಅವನ ಕೈ ಯಾವಾಗಲೂ ಬಾಯಲ್ಲಿ.

ಇಬ್ಬರೂ ಸೇರಿ ಮಾಡಿದ್ದು ಇಷ್ಟು. ಗುಡಿಸೋದು ಬಂದ್, ಒದ್ದೆ ಬಟ್ಟೆಯಲ್ಲೇ ಒರೆಸೋದು. ಮಾಮೂಲಿ ವ್ಯಾಕ್ಯೂಮ್ ಮುಟ್ಟೋ ಹಾಗಿಲ್ಲ. ಸಣ್ಣ ಧೂಳನ್ನು ವಾಪಸ್ ಗಾಳಿಗೆ ಬಿಡುತ್ತೆ, ಚೆಲ್ಲಿದ ಮದ್ದಿದ್ದರೆ ಕಿಡಿಯ ಭಯ ಬೇರೆ. ಕೊಳವೆ ತೊಳೆಯೋದು ಇನ್ನು ನೀರಲ್ಲೇ, ಕೈಗೆ ಗ್ಲೌಸ್. ಗ್ಯಾರೇಜಿಗೇ ಒಂದು ಶರ್ಟು, ಒಂದು ಜೊತೆ ಚಪ್ಪಲಿ. ಆ ಬಟ್ಟೆ ಬೇರೆಯಾಗಿ ಒಗೆಯೋದು. ಅಲ್ಲಿ ಕಾಫಿ ಇಲ್ಲ. ಒಳಗೆ ಬರೋ ಮುಂಚೆ ಸೋಪು ಹಾಕಿ ನೀರಲ್ಲಿ ಕೈ. ಸ್ಯಾನಿಟೈಸರ್ ಕ್ರಿಮಿ ಕೊಲ್ಲುತ್ತೆ, ಸೀಸ ತೆಗೆಯಲ್ಲ. ತಾತನ ರಕ್ತವನ್ನೂ ಟೆಸ್ಟ್ ಮಾಡಿಸಿದೆವು. ಅವರದೂ ಹೆಚ್ಚೇ ಇತ್ತು.

ಊರಲ್ಲಿ ಕೋವಿ ಇಟ್ಟುಕೊಂಡಿರೋ ಅಣ್ಣಂದಿರಿಗೆ ಒಂದು ಮಾತು. ನಳಿಗೆ ಒರೆಸಿದ ಚಿಂದಿಬಟ್ಟೆ ಒಲೆ ಹತ್ತಿರ ಬಿಸಾಕಬೇಡಿ, ಚರೆ ಮುಟ್ಟಿದ ಕೈಯಲ್ಲಿ ಎಲೆ-ಅಡಿಕೆ ಬೇಡ, ಆ ಕೆಲಸ ಜಗಲಿಯಲ್ಲಿ ಮಕ್ಕಳ ಮುಂದೆ ಬೇಡ. ಇದು ಅಮೆರಿಕದ ಕಾಯಿಲೆ ಅಂದ್ಕೋಬೇಡಿ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಬ್ಯಾಟರಿ ರಿಪೇರಿ, ಪೇಂಟಿಂಗ್ ಕೆಲಸ ಮಾಡೋ ಮನೆಗಳಿಗೂ ಇದೇ ಬುದ್ಧಿಮಾತು.

ಮಗುವಿನ ಮುಂದಿನ ಟೆಸ್ಟ್ ಏಪ್ರಿಲ್‌ನಲ್ಲಿ. ಬಾಗಿಲ ಹತ್ತಿರ ತಾತ ಈಗಲೇ ಒಂದು ಸೋಪು, ಒಂದು ಪುಟ್ಟ ಸ್ಟೂಲು ತಂದಿಟ್ಟಿದ್ದಾರೆ, ಮೊಮ್ಮಗನ ಕೈ ಸಿಂಕಿಗೆ ಎಟುಕಲಿ ಅಂತ. ರಿಪೋರ್ಟ್ ಬಂದಮೇಲೆ ನಿಮಗೂ ತಿಳಿಸ್ತೀನಿ.