ಫರ್ಶಿ ಮನೆಗೊಂದು ಆಂಪ್ಲಿಫೈಯರ್

ಹೋದ ವರ್ಷ ರಮಜಾನಿಗೆ ಮುಂಚೆ ರಿಯಾದಿನಿಂದ ತಮ್ಮನ ಫೋನು ಬಂತು. ವಾಡಿಯ ಮನೆಯ ದೊಡ್ಡ ಕೋಣೆಯಲ್ಲಿ ಹೋಮ್ ಥಿಯೇಟರ್ ಆಗಬೇಕು, ಮೂರು ಲಕ್ಷ ತೆಗೆದಿಟ್ಟಿದ್ದೇನೆ, ಟಿವಿ ಆಮೇಲೆ ನೋಡೋಣ, ಮೊದಲು ಒಳ್ಳೆಯ ಆಂಪ್ಲಿಫೈಯರ್ ಆರಿಸಿ ಎಂದ. ಕಥೆ ಬರೆದುಕೊಂಡಿರುವವರಿಗೆ ಇಂಥ ಕೆಲಸ ಒಪ್ಪಿಸಿದ್ದು ಕೇಳಿ ಮನೆಯಾಕೆ ನಕ್ಕಳು. ಆದರೆ ಅವನು ಕೊನೆಗೆ ಹೇಳಿದ ಮಾತು ನಗುವಂಥದ್ದಾಗಿರಲಿಲ್ಲ. "ಅಬ್ಬಾ ಟಿವಿ ಮುಂದೆ ಕೂಡೋದೇ ಬಿಟ್ಟಾರಂತ. ದೊಡ್ಡ ಆವಾಜ್ ಬಂದ್ರ ಕೂತಾರು."

ಅವನ ಆಸೆಯ ಬೇರು ನಮಗೆ ಗೊತ್ತಿತ್ತು. ನಾವು ಚಿಕ್ಕವರಿದ್ದಾಗ ಅಬ್ಬಾ ನಮ್ಮನ್ನು ವಾಡಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಕೂರಿಸಿಕೊಂಡು ಶಹಾಬಾದಿನ ಟಾಕೀಸಿಗೆ ಕರೆದೊಯ್ಯುತ್ತಿದ್ದರು. ಅವರಿಗೆ ಹಾಡು, ಹೊಡೆದಾಟ ಎರಡೂ ಬೇಕಿರಲಿಲ್ಲ, ಡೈಲಾಗ್ ಬೇಕು. ಮರಳಿ ಬರುವಾಗ ಗಾಡಿಯಲ್ಲಿ ಒಂದೊಂದೇ ಮಾತನ್ನು ನೆನೆದು ಹೇಳಿ, ಅದರೊಳಗಿನ ಉರ್ದು ಪದಗಳ ಅರ್ಥ ಬಿಡಿಸುತ್ತಿದ್ದರು. ನಾಲ್ಕನೆಯ ತರಗತಿವರೆಗೆ ಉರ್ದು ಶಾಲೆ, ಮುಂದೆ ಕನ್ನಡ ಶಾಲೆ ಕಂಡ ನಮಗೆ ಭಾಷೆಯ ರುಚಿ ಹತ್ತಿದ್ದು ಆ ಮೂರನೆಯ ಶಾಲೆಯಲ್ಲಿ, ರೈಲಿನ ಹಲಗೆಯ ಮೇಲೆ.

ಹೀಗಾಗಿ ಕೆಲಸವನ್ನು ಶ್ರದ್ಧೆಯಿಂದಲೇ ಹಿಡಿದೆವು. ಎರಡು ವಾರ ಕಂಪನಿಗಳ ಕೈಪಿಡಿ ಓದಿದೆವು. ಅಲ್ಲಿ ಮೊದಲು ಕಾಣುವುದು ಚಾನಲ್ಲುಗಳ ಸಂಖ್ಯೆ: 5.1, 7.2, 9.4. ಚುಕ್ಕೆಯ ಹಿಂದಿನ ಅಂಕಿ ಸುತ್ತ ಕೂರುವ ಸ್ಪೀಕರುಗಳದ್ದು, ಮುಂದಿನದು ಗುಡುಗುವ ಸಬ್‌ವೂಫರುಗಳದ್ದು. ತಲೆಯ ಮೇಲಿಂದಲೂ ಸದ್ದು ಬರಬೇಕೆಂದರೆ, 2012ರಲ್ಲಿ ಸಿನಿಮಾ ಮಂದಿರಗಳಿಗೂ 2014ರಲ್ಲಿ ಮನೆಗಳಿಗೂ ಬಂದ ಡಾಲ್ಬಿ ಅಟ್ಮಾಸ್ ಇದೆ. ಇದಕ್ಕೂ ಮೇಲಿನ ದರ್ಜೆಯವರು ಒಂದೇ ಪೆಟ್ಟಿಗೆಗೆ ಒಪ್ಪುವುದಿಲ್ಲ. ಸದ್ದನ್ನು ವಿಂಗಡಿಸುವ ಪ್ರೊಸೆಸರ್ ಬೇರೆ, ಬಲ ಕೊಡುವ ಪವರ್ ಆಂಪ್ಲಿಫೈಯರ್ ಬೇರೆ. ಮೂವತ್ತು ಕಿಲೋ ದಾಟುವ ಅಂಥದ್ದೊಂದು ಯಂತ್ರದ ಚಿತ್ರವನ್ನು ತಮ್ಮ ಕಳಿಸಿಯೂ ಇದ್ದ.

ಆಮೇಲೆ ವಾಟ್‌ಗಳ ಲೆಕ್ಕ. ಏಳು ಚಾನಲ್, ಒಂದೊಂದಕ್ಕೆ 150 ವಾಟ್ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಸಣ್ಣಕ್ಷರ ಓದಿದರೆ, ಒಂದೋ ಎರಡೋ ಚಾನಲ್ ಮಾತ್ರ ದುಡಿಸಿ ಅಳೆದ ಲೆಕ್ಕ ಅದು. ಏಳೂ ಒಟ್ಟಿಗೆ ದುಡಿದರೆ ಒಂದೊಂದರ ಪಾಲು ಇಳಿಯುತ್ತದೆ. ಮನೆಯ ಯಜಮಾನ ಒಬ್ಬ, ಉಣ್ಣುವವರು ಏಳು ಜನ ಎಂದ ಹಾಗೆ. ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಬೆರಗುಗೊಳಿಸಿತು. ವಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ, ಮೂರು ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ನೂರು ವಾಟಿನದು ಬಿಟ್ಟು ದುಪ್ಪಟ್ಟು ಬೆಲೆ ಕೊಟ್ಟು ಇನ್ನೂರರದು ತಂದವನಿಗೆ ಸಿಗುವುದು ಅಷ್ಟೇ.

ತಲೆ ಕೆಟ್ಟು ಚಿತ್ತಾಪುರಕ್ಕೆ ಹೋದೆವು. ಅಲ್ಲಿ ನಮ್ಮ ಪರಿಚಯದ ಮೈಕ್‌ಸೆಟ್ ಚಾಚಾ ಒಬ್ಬರಿದ್ದಾರೆ. ಮದುವೆ, ಉರುಸು, ಜಾತ್ರೆ, ಚುನಾವಣೆ ಎಲ್ಲಕ್ಕೂ ನಲವತ್ತು ವರ್ಷ ಹಾರ್ನ್ ಕಟ್ಟಿದವರು. ನಮ್ಮ ಚೀಟಿ ನೋಡಿ, ಬೀಡಿ ಆರಿಸಿ ಹೇಳಿದರು: "ವಾಟ್ ಏನ್ ಕೇಳ್ತಿ ಮಿಯಾ, ಹಾರ್ನ್ ಕೇಳು. ನನ್ನ ಮೂವತ್ತು ವಾಟಿನ ಡಬ್ಬಿ ಇಡೀ ಹಳ್ಳಿಗೆ ಕೇಳಿಸ್ತದ. ಯಾಕಂದ್ರ ಹಾರ್ನ್ ಕೊಟ್ಟಿದ್ದೆಲ್ಲಾ ಒದರ್ತದ. ನಿನ್ನ ಮನೀ ಸ್ಪೀಕರ್ ಅರ್ಧಕ್ಕರ್ಧ ನುಂಗಿ ಕೂಡ್ತದ." ಪುಸ್ತಕದಲ್ಲಿ ಇದನ್ನೇ ಸೆನ್ಸಿಟಿವಿಟಿ ಎಂದು ಬರೆದಿದೆ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬ ಅಳತೆ. ಮನೆಯ ಸ್ಪೀಕರಿನದು 85ರಿಂದ 90ರ ಆಸುಪಾಸು. ಹಾರ್ನಿನದು ನೂರು ದಾಟುತ್ತದೆ. ಮನೆಯಲ್ಲಿ ಕೂತು ಕೇಳುವ ಮಾತಿಗೆ ಒಂದು ವಾಟೂ ಖರ್ಚಾಗುವುದಿಲ್ಲ. ಉಳಿದ ವಾಟ್ ಎಲ್ಲ ಬಾಂಬು ಸಿಡಿದಾಗಿನ ಆ ಒಂದು ಕ್ಷಣಕ್ಕೆ.

ಹೊರಡುವಾಗ ಚಾಚಾ ಇನ್ನೊಂದು ಮಾತು ಸೇರಿಸಿದರು. "ಮೊದಲು ಕೋಣ್ಯಾಗ ನಿಂತು ಒಂದು ಚಪ್ಪಾಳೆ ಹೊಡಿ. ಕೋಣಿ ಏನ್ ಅಂತದ ಕೇಳು."

ಮನೆಗೆ ಬಂದು ಹೊಡೆದೆವು. ಕೋಣೆ ಬಹಳ ಹೊತ್ತು ಏನೋ ಅನ್ನುತ್ತಲೇ ಇತ್ತು.

ನಮ್ಮದು ಫರ್ಶಿ ಮನೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸೀಮೆಯ ನೆಲದಡಿ ಪದರ ಪದರವಾಗಿ ಏಳುವ ಸುಣ್ಣಕಲ್ಲಿದೆ. ಸೀಳಿದರೆ ಫರ್ಶಿ, ಸುಟ್ಟು ಅರೆದರೆ ಸಿಮೆಂಟು. ಈ ಸೀಮೆಯ ಬಡವನ ಗುಡಿಸಲಿನ ಮಾಡಿಗೂ ಸಾಹುಕಾರನ ಅಂಗಳಕ್ಕೂ ಅದೇ ಕಲ್ಲು. ನಮ್ಮ ನೆಲವೂ ಫರ್ಶಿ, ಮಾಳಿಗೆಯೂ ಫರ್ಶಿ. ಬೇಸಿಗೆಯಲ್ಲಿ ಅಂಗಾತ ಮಲಗಿದರೆ ಬೆನ್ನಿಗೆ ತಂಪು. ಆದರೆ ನಯಗೊಂಡ ಕಲ್ಲು ತನಗೆ ಬಡಿದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಹೀರಿ ಉಳಿದದ್ದನ್ನು ವಾಪಸು ಎಸೆಯುತ್ತದೆ. ಒಂದು ಅಕ್ಷರ ಆರುವ ಮೊದಲೇ ಮುಂದಿನ ಅಕ್ಷರ ಬಂದು ಅದರ ಮೇಲೆ ಬೀಳುತ್ತದೆ. ವಿಜಯಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿ ಖುಷಿಪಟ್ಟವರು ಅಲ್ಲಿ ಒಂದು ಭಾಷಣ ಕೇಳಲು ಪ್ರಯತ್ನಿಸಿದರೆ ಗೊತ್ತಾಗುತ್ತದೆ.

ಈ ಕಷ್ಟಕ್ಕೆ ಲೆಕ್ಕ ಕಂಡುಹಿಡಿದವರು ಅಮೆರಿಕದ ಹಾರ್ವರ್ಡಿನ ಅಧ್ಯಾಪಕ ವ್ಯಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಮಾತೇ ಅರ್ಥವಾಗುತ್ತಿಲ್ಲವೆಂದು ದೂರು ಬಂತು. ಸಬೀನರು ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಎಷ್ಟು ಮೆತ್ತೆ ಹಾಸಿದರೆ ಸದ್ದು ಎಷ್ಟು ಬೇಗ ಆರುತ್ತದೆಂದು ಗಡಿಯಾರ ಹಿಡಿದು ಅಳೆದರು. ಅವರ ಸೂತ್ರ ಹಾಕಿ ನೋಡಿದರೆ ನಮ್ಮ ಖಾಲಿ ಕೋಣೆಯಲ್ಲಿ ಸದ್ದು ಆರಲು ಮೂರು ಸೆಕೆಂಡಿಗೂ ಹೆಚ್ಚು ಹೊತ್ತು ಬೇಕು. ನೆಲಕ್ಕೆ ದಪ್ಪ ಜಮಖಾನ, ಒಂದು ಗೋಡೆಗೆ ಭಾರದ ಪರದೆ, ಗೋಡೆ ಬದಿಗೆ ಗಾದಿ ಹಾಕಿದರೆ ಅದು ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಮೂರು ಲಕ್ಷದ ಯಂತ್ರಕ್ಕೂ ಆಗದ ಕೆಲಸ ಜಮಖಾನದಿಂದ ಆಗುತ್ತದೆ. ಒಗಟು ಬಿಡಿಸಿದೆವೆಂದು ನಾವು ಹಿಗ್ಗಿದೆವು.

ಆ ಹಿಗ್ಗಿನಲ್ಲೇ ಅಬ್ಬಾರನ್ನು ಕಲಬುರಗಿಯ ಅಂಗಡಿಯೊಂದಕ್ಕೆ ಕರೆದೊಯ್ದೆವು. ಗೋಡೆಗೆಲ್ಲ ಮೆತ್ತೆ ಹೊದಿಸಿದ, ಕಾಲು ಹೂತುಹೋಗುವಂಥ ಹಾಸಿನ ಕೋಣೆ ಅದು. ನಡುವಿನ ಕುರ್ಚಿಯಲ್ಲಿ ಅಬ್ಬಾರನ್ನು ಕೂರಿಸಿ ಹಳೆಯ ಹಿಂದಿ ಸಿನಿಮಾವೊಂದರ ದೃಶ್ಯ ಹಾಕಿದರು. ನಮಗೆ ಉಸಿರಾಟವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ದೃಶ್ಯ ಮುಗಿಯಿತು. ಅಂಗಡಿಯ ಹುಡುಗ ಹೇಗಿತ್ತು ಎಂದು ಕೇಳಿದ. ಅಬ್ಬಾ ಮರ್ಯಾದೆಯಿಂದ ನಕ್ಕು ತಲೆಯಾಡಿಸಿದರು. ಮೆಟ್ಟಿಲಿಳಿಯುವಾಗ ನಮ್ಮ ತೋಳು ಹಿಡಿದು ಮೆಲ್ಲಗೆ ಹೇಳಿದರು: "ಆವಾಜ್ ಬಹುತ್ ಹೈ ಬೇಟಾ. ಬಾತ್ ನೈ ಹೈ." ಸದ್ದು ಬೇಕಾದಷ್ಟಿದೆ, ಮಾತು ಇಲ್ಲ.

ಅಬ್ಬಾ ಇಪ್ಪತ್ತೆಂಟು ವರ್ಷ ಫರ್ಶಿ ಕೊಯ್ಯುವ, ನಯ ಮಾಡುವ ಯಂತ್ರದ ಮುಂದೆ ನಿಂತವರು. ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು, ಅಷ್ಟೇ. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ಮೀರಿದ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಸವೆಯುತ್ತದೆ; ಸವೆತ ಶುರುವಾಗುವುದು 4000 ಹರ್ಟ್ಸ್ ಆಸುಪಾಸಿನ ಮೇಲುಸ್ತರದಿಂದ. ಅ, ಉ, ಓ ಮೊದಲಾದ ಸ್ವರಗಳ ಬಲ ಕೆಳಸ್ತರದಲ್ಲಿದೆ, ಅವು ಕೇಳುತ್ತವೆ. ಸ, ಶ, ತ, ಕ, ಫಗಳ ಗುರುತು ಮೇಲೆ ಇದೆ, ಅವು ಅಳಿಸಿಹೋಗುತ್ತವೆ. ಉರ್ದು ಬರಹದಲ್ಲಿ ಜೇರ್, ಜಬರ್, ಪೇಶ್ ಹಾಕದೆ ಬಿಟ್ಟರೂ ವ್ಯಂಜನಗಳ ಬಲದಿಂದ ನಾವು ಓದಿಕೊಂಡು ಹೋಗುತ್ತೇವೆ. ಅಬ್ಬಾರ ಕಿವಿಯಲ್ಲಿ ಅದು ತಿರುವುಮುರುವಾಗಿತ್ತು. ಸ್ವರ ಉಳಿದು ವ್ಯಂಜನ ಹೋದ ಬರಹವನ್ನು ಯಾವ ಶಾಲೆಯವರೂ ಓದಲಾರರು. ಅಂಥ ಬರಹವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದರೆ ಓದಲು ಬಂದೀತೇ? ದೊಡ್ಡ ಆಂಪ್ಲಿಫೈಯರ್ ತಂದು ನಾವು ಮಾಡಹೊರಟಿದ್ದು ಅದನ್ನೇ.

ಇಲ್ಲಿ ನಾವು ನಮ್ಮ ತಪ್ಪನ್ನೂ ಬರೆಯಬೇಕು. ಅಬ್ಬಾರಿಗೆ ಕೇಳುವುದಿಲ್ಲ ಎಂಬುದು ನಮಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಹತ್ತು ವರ್ಷದಿಂದ ಎಲ್ಲರೂ ನಗುವಾಗ ಅವರು ಒಂದು ಗಳಿಗೆ ತಡವಾಗಿ ನಗುತ್ತಿದ್ದರು. "ಕ್ಯಾ ಬೋಲಾ ಉನೆ?", ಏನಂದ ಅವನು, ಎಂದು ಕೇಳಿದರೆ, "ಕುಚ್ ನೈ ಅಬ್ಬಾ" ಎಂದು ನಾವು ಮುಂದೆ ಹೋಗುತ್ತಿದ್ದೆವು. ಮತ್ತೊಮ್ಮೆ ಹೇಳುವ ಬೇಸರ, ಅಷ್ಟೇ. ಕೊನೆಗೆ ಅವರು ಕೇಳುವುದನ್ನೇ ಬಿಟ್ಟರು. ನಾವು ಅದನ್ನು ವಯಸ್ಸಿನ ಸಮಾಧಾನ ಎಂದುಕೊಂಡೆವು.

ಕಿವಿ ಪರೀಕ್ಷೆಗೆ ಅವರು ಸುಲಭಕ್ಕೆ ಒಪ್ಪಲಿಲ್ಲ. "ಕಣ್ಣಿಗಿ ಹಾಕ್ಕೊಂಡ್ರ ಓದಿದಾವ ಅಂತಾರ, ಕಿವೀಗಿ ಹಾಕ್ಕೊಂಡ್ರ ಕಿವುಡ ಅಂತಾರ" ಎಂದರು. ಅದರಲ್ಲಿ ಸುಳ್ಳೇನಿದೆ? ಎರಡು ತಿಂಗಳು ಹಿಡಿಯಿತು. ಪರೀಕ್ಷೆಯ ಕಾಗದದಲ್ಲಿ ಗೆರೆ ಎಡದಿಂದ ಸಮನಾಗಿ ಬಂದು ಬಲಕ್ಕೆ ಕಲ್ಲುಗಣಿಯ ಅಂಚಿನಂತೆ ಕುಸಿದಿತ್ತು. ಅಲ್ಲಿನ ಹೆಣ್ಣುಮಗಳು ಯಂತ್ರಗಳನ್ನು ತೋರಿಸುತ್ತ, "ಇದು 8 ಚಾನಲ್, ಇದು 16 ಚಾನಲ್" ಎಂದಾಗ ನಾವು ಬೆಚ್ಚಿದೆವು. ಕಡಲೆಕಾಯಿ ಗಾತ್ರದ ಆ ಡಬ್ಬಿಯೂ ಮಲ್ಟಿಚಾನಲ್ ಆಂಪ್ಲಿಫೈಯರೇ. ಸದ್ದನ್ನು ಸ್ತರಸ್ತರವಾಗಿ ವಿಂಗಡಿಸಿ, ಕಿವಿಯಲ್ಲಿ ಯಾವ ಸ್ತರ ಸವೆದಿದೆಯೋ ಅದನ್ನಷ್ಟೇ ಏರಿಸುತ್ತದೆ. ಮೊದಲೇ ದೊಡ್ಡದಿರುವುದನ್ನು ಹದದಲ್ಲಿ ಹಿಡಿದಿಡುತ್ತದೆ. ಇಲ್ಲೂ ಚಾನಲ್ ಹೆಚ್ಚಿದಷ್ಟೂ ಒಳ್ಳೆಯದೆಂಬ ಆಸೆ ಹುಟ್ಟಿಸಬಹುದು. ಆಕೆ ಹಾಗೆ ಮಾಡಲಿಲ್ಲ. ಈ ಕಿವಿಗೆ ತಕ್ಕಂತೆ ಹೊಂದಿಸುವುದೇ ಮುಖ್ಯ, ಅದಕ್ಕೆ ನಾಲ್ಕಾರು ಸಲ ಬರಬೇಕಾದೀತು ಎಂದಳು.

ರಿಯಾದಿಗೆ ಫೋನು ಮಾಡಿ ಹೇಳಿದಾಗ ತಮ್ಮ ಬಹಳ ಹೊತ್ತು ಸುಮ್ಮನಿದ್ದ. ಹನ್ನೊಂದು ವರ್ಷದ ದುಡಿಮೆಯಲ್ಲಿ ಅವನು ತನಗಾಗಿ ಕಂಡ ಕನಸು ಅದೊಂದೇ. ಆಮೇಲೆ, "ಉಳಿದದ್ದರಾಗ ಏನ್ ಬರ್ತದೋ ಅದು ತೊಗೋರಿ" ಎಂದ. ಎರಡೂ ಕಿವಿಯ ಯಂತ್ರಕ್ಕೆ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಉಳಿದದ್ದರಲ್ಲಿ ಮಧ್ಯಮ ದರ್ಜೆಯ 5.1 ರಿಸೀವರ್ ಒಂದನ್ನು ತಂದೆವು. ಮೈಕು ಇಟ್ಟು ಕೋಣೆಯನ್ನು ತಾನೇ ಅಳೆದು ಸದ್ದು ಸರಿಪಡಿಸಿಕೊಳ್ಳುವ, ಮಾತನ್ನು ಮಾತ್ರ ಎತ್ತಿ ಕೊಡುವ ಸೌಕರ್ಯ ಅದರಲ್ಲಿದೆ. ಸ್ಪೀಕರಿನ ಹಣದಲ್ಲಿ ದೊಡ್ಡ ಪಾಲನ್ನು ಟಿವಿಯ ಕೆಳಗೆ ಕೂರುವ ನಡುವಿನ ಸ್ಪೀಕರಿಗೆ ಹಾಕಿದೆವು. ಸಿನಿಮಾದ ಮಾತೆಲ್ಲ ಹೆಚ್ಚಾಗಿ ಬರುವುದು ಅದರಿಂದಲೇ. ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಸರ್ ಇಟ್ಟೆವು. ನಮ್ಮ ಬೇಸಿಗೆಗೂ ಸಿಮೆಂಟಿನ ದೂಳಿಗೂ ಹೆದರಿ ಪೆಟ್ಟಿಗೆಯ ಮೇಲೆ ಒಂದು ಗೇಣು ಜಾಗ ಖಾಲಿ ಬಿಟ್ಟೆವು. ನೆಲಕ್ಕೆ ಅಮ್ಮಿಯ ಕಾಲದ ಎರಡು ಜಮಖಾನ.

ಅಬ್ಬಾರಿಗೆ ಹಳೆಯ ಕಿವಿ ಮರಳಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ದಿನ ಅಡುಗೆಮನೆಯಲ್ಲಿ ತಟ್ಟೆಯೊಂದು ಫರ್ಶಿಯ ಮೇಲೆ ಬಿದ್ದದ್ದಕ್ಕೆ ಕಿವಿ ಹಿಡಿದುಕೊಂಡು ಎದ್ದುಬಿಟ್ಟರು. ಮೊಮ್ಮಕ್ಕಳು ಕೂಗಾಡಿದರೆ ತೆಗೆದು ಜೇಬಿಗೆ ಹಾಕುತ್ತಾರೆ. ಸಂಜೆ ಎರಡು ಗಂಟೆ ಹಾಕಿಕೊಂಡು ಸಿನಿಮಾದ ಮುಂದೆ ಕೂರುತ್ತಾರೆ. ಹತ್ತು ಮಾತಿನಲ್ಲಿ ಆರೇಳು ಸಿಗುತ್ತವಂತೆ.

ಬಕ್ರೀದಿಗೆ ಚಿಂಚೋಳಿಯಿಂದ ತಂಗಿ ಬಂದಿದ್ದಳು. ಅಬ್ಬಾರ ಕಿವಿಯ ಯಂತ್ರ ನೋಡಿ ಅವಳ ಮುಖ ಬದಲಾಯಿತು. ರಾತ್ರಿ ನಮ್ಮನ್ನು ಅಂಗಳಕ್ಕೆ ಕರೆದು ಕೇಳಿದಳು: "ಅವರಿಗಿ ಯಾವಾಗಿಂದ ಕೇಳಸ್ತಿರಲಿಲ್ಲ, ಭಾಯಿ?" ಒಂಬತ್ತು ವರ್ಷದ ಹಿಂದೆ, ಮದುವೆಯಾದ ಮರು ವರ್ಷ, ಇದೇ ಕೋಣೆಯಲ್ಲಿ ನೆಂಟರ ಗದ್ದಲದ ನಡುವೆ ಅವಳು ಅಬ್ಬಾರ ಬಳಿ ಕೂತು, ಡಿ.ಇಡಿ. ಮುಗಿಸಬೇಕು, ಅತ್ತೆಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ, ನೀವೊಂದು ಮಾತು ಹೇಳಿ ಎಂದು ಕೇಳಿದ್ದಳಂತೆ. ಅಬ್ಬಾ ಮುಗುಳ್ನಕ್ಕು, "ಅಚ್ಛಾ ಹೈ ಬೇಟಿ, ಅಚ್ಛಾ ಹೈ" ಎಂದಿದ್ದರಂತೆ. ಬೇಡ ಅನ್ನುತ್ತಿರುವುದೇ ಒಳ್ಳೆಯದು ಎಂದು ಅವಳು ತಿಳಿದಳು. ಆಮೇಲೆ ಆ ಮಾತನ್ನು ಯಾರ ಬಳಿಯೂ ಎತ್ತಲಿಲ್ಲ.

ಮರುದಿನ ಸಂಜೆ ಅವಳು ಅಬ್ಬಾರ ಎದುರು ಜಮಖಾನದ ಮೇಲೆ ಕೂತಳು. ಹೊಸ ರಿಸೀವರಿನಲ್ಲಿ ಯಾವುದೋ ಸಿನಿಮಾ ನಡೆದಿತ್ತು. ಅವಳ ತುಟಿ ಅಲ್ಲಾಡಿದ್ದು ಕಂಡು ಅಬ್ಬಾ ಕೈ ಎತ್ತಿ ತಡೆದರು. "ಟಿವಿ ಬಂದ್ ಮಾಡ್ರಿ" ಎಂದು ನಮಗೆ ಹೇಳಿ, ಕಿವಿಯ ಯಂತ್ರವನ್ನು ಸರಿಮಾಡಿಕೊಂಡು, ಮಗಳ ಕಡೆ ಬಾಗಿದರು. "ಅಬ್ ಬೋಲ್."

ನಾವು ಟಿವಿ ಆರಿಸಿ, ಆಂಪ್ಲಿಫೈಯರನ್ನೂ ಆರಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಂದೆವು.